ಒಪ್ಪಿಗೆ, ಒಪ್ಪಂದ: ಮಿಕೇಲಾ ಕೋಲ್ ಹತ್ತು ಲಕ್ಷ ಡಾಲರ್ ಬೇಡವೆಂದದ್ದು ಯಾಕೆ

2017ರಲ್ಲಿ ನೆಟ್‌ಫ್ಲಿಕ್ಸ್ ಲಂಡನ್ನಿನ ಒಬ್ಬ ಬರಹಗಾರ್ತಿಯ ಮುಂದೆ, ಆಕೆಯ ಮುಂದಿನ ಸರಣಿ ‘ಐ ಮೇ ಡಿಸ್ಟ್ರಾಯ್ ಯು’ಗಾಗಿ, ಹತ್ತು ಲಕ್ಷ ಡಾಲರ್ ಇಟ್ಟಿತು. ಆಕೆಯ ಹೆಸರು ಮಿಕೇಲಾ ಕೋಲ್. ವಯಸ್ಸು ಆಗಿನ್ನೂ ಇಪ್ಪತ್ತೊಂಬತ್ತು. ತಾವೇ ಬರೆದು ನಟಿಸಿದ ಟಿವಿ ಸರಣಿ ಎಂದು ಹೇಳಿಕೊಳ್ಳಲು ಅವರ ಬಳಿ ಇದ್ದದ್ದು ಒಂದೇ. ಫೋನಿನಲ್ಲಿ ಮಾತುಕತೆ ನಡೆದಾಗ ಕೋಲ್ ಕೇಳಿದ್ದು ಇಷ್ಟು: ದುಡ್ಡು ಸರಿ, ಆದರೆ ಕೃತಿಸ್ವಾಮ್ಯದಲ್ಲಿ ನನಗೆ ಶೇ 5 ಪಾಲು ಇರಲಿ. ಆ ಕಡೆ ಮೌನ. ಶೇ 2 ಆದರೂ? ಶೇ 1? ಕೊನೆಗೆ ಶೇ ಅರ್ಧ? ಅರ್ಧಕ್ಕೂ ಒಪ್ಪಿಗೆ ಸಿಗಲಿಲ್ಲ. ಕೋಲ್ ಬೇಡ ಎಂದರು. ಅದಷ್ಟೇ ಅಲ್ಲ, ಈ ವ್ಯವಹಾರಕ್ಕೆ ಒಪ್ಪಿಕೋ ಎಂದು ಒತ್ತಾಯಿಸಿದ ತಮ್ಮ ಅಮೆರಿಕನ್ ಏಜೆನ್ಸಿಯನ್ನೂ ಬಿಟ್ಟರು. ಆ ವ್ಯವಹಾರದಲ್ಲಿ ತಮಗೆ ತಿಳಿಸದ ಒಂದು ಮೊತ್ತ ಏಜೆನ್ಸಿಗೂ ಸಿಗಲಿದೆ ಎಂಬುದು ಆಗ ಅವರಿಗೆ ಗೊತ್ತಾಗಿತ್ತು.

ಈ ಪ್ರಸಂಗ ಮೊದಲು ಓದಿದಾಗ ನನಗೆ ಅರ್ಥವಾಗಿರಲಿಲ್ಲ. ಶೇ ಅರ್ಧ ಎಂದರೆ ಎಷ್ಟು? ಬಾಡಿಗೆ ಮನೆಗಳಲ್ಲಿ ಬದುಕು ಸವೆಸಿದ ಕುಟುಂಬದಿಂದ ಬಂದವರು ಇಷ್ಟು ದೊಡ್ಡ ಮೊತ್ತವನ್ನು ಅಷ್ಟು ಸಣ್ಣ ಪಾಲಿಗಾಗಿ ಬಿಟ್ಟುಕೊಡುತ್ತಾರೆಯೇ? ಬ್ರಿಟನ್ನಿನ ಟಿವಿ ಲೋಕ ಒಳಗಿನಿಂದ ಹೇಗೆ ನಡೆಯುತ್ತದೆ, ಕಥೆ ಬರೆದವರ ಕೈಯಿಂದ ಕಥೆ ಯಾವ ಯಾವ ಹಂತದಲ್ಲಿ ಜಾರುತ್ತದೆ ಎಂದು ತಿಳಿದುಕೊಂಡ ಮೇಲೆ ಆ ‘ಬೇಡ’ ಹಟದಂತೆ ಕಾಣುವುದು ನಿಂತಿತು. ಬರೆದು ನಟಿಸುವವರ ವೃತ್ತಿಜೀವನ ಅಂದರೇನು ಎಂದು ಅರಿಯಲು ಕೋಲ್ ಅವರ ದಾರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ಕುರ್ಚಿ, ಒಬ್ಬ ನಟಿ

ಕೋಲ್ ಹುಟ್ಟಿದ್ದು 1987ರ ಅಕ್ಟೋಬರ್ 1ರಂದು. ತಂದೆ ತಾಯಿ ಘಾನಾ ದೇಶದ ಮೂಲದವರು. ಬೆಳೆದದ್ದು ತಾಯಿ ಮತ್ತು ಸಹೋದರಿಯ ಜೊತೆ, ಪೂರ್ವ ಲಂಡನ್ನಿನಲ್ಲಿ ನಗರಾಡಳಿತ ಬಡವರಿಗಾಗಿ ಕಟ್ಟಿದ ವಸತಿ ಸಮುಚ್ಚಯವೊಂದರಲ್ಲಿ. ಪಕ್ಕದಲ್ಲೇ ಲಂಡನ್ನಿನ ಹಣಕಾಸು ಕೇಂದ್ರ, ದೊಡ್ಡ ಬ್ಯಾಂಕುಗಳ ಗಾಜಿನ ಕಟ್ಟಡಗಳು. ತಾಯಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಮಾಡುತ್ತಲೇ ಓದಿ, ಮುಂದೆ ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್ ಆದರು. ಮಗಳು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಸಾಹಿತ್ಯ ಮತ್ತು ದೇವತಾಶಾಸ್ತ್ರ ಓದಲು ಸೇರಿ, ಅರ್ಧಕ್ಕೆ ಬಿಟ್ಟರು. ಸಣ್ಣ ಸಣ್ಣ ವೇದಿಕೆಗಳಲ್ಲಿ ತಾವೇ ಬರೆದ ಕವಿತೆ ಓದುತ್ತಿದ್ದರು. 2009ರಲ್ಲಿ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್ ಅಂಡ್ ಡ್ರಾಮಾ ಸೇರಿದರು. ಐದು ವರ್ಷಗಳಲ್ಲಿ ಆ ನಟನಾ ಶಾಲೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು.

ಅಲ್ಲಿ ಓದು ಮುಗಿಸುವ ವರ್ಷ, 2012ರಲ್ಲಿ, ಅವರೊಂದು ಏಕವ್ಯಕ್ತಿ ಪ್ರಯೋಗ ಬರೆದರು: ‘ಚೂಯಿಂಗ್ ಗಮ್ ಡ್ರೀಮ್ಸ್’. ನಾಯಕಿ ಟ್ರೇಸಿ ಹದಿನಾಲ್ಕರ ಹುಡುಗಿ. ಅವಳ ಗೆಳತಿಯರು, ಬೈಯುವವರು, ಬೆನ್ನು ಹತ್ತುವ ಹುಡುಗರು ಎಲ್ಲರೂ ಕೋಲ್ ಒಬ್ಬರೇ. ಹ್ಯಾಕ್ನಿ ವಿಕ್ ಬಡಾವಣೆಯ ಯಾರ್ಡ್ ಥಿಯೇಟರಿನಲ್ಲಿ ಶುರುವಾದ ಆ ಪ್ರಯೋಗ ಎರಡು ವರ್ಷದಲ್ಲಿ ನ್ಯಾಷನಲ್ ಥಿಯೇಟರ್ ತಲುಪಿತು.

ಬ್ರಿಟನ್ನಿನಲ್ಲಿ ಇದು ಸವೆದ ದಾರಿ. ಫೀಬಿ ವಾಲರ್-ಬ್ರಿಜ್ ಅವರ ‘ಫ್ಲೀಬ್ಯಾಗ್’ 2013ರಲ್ಲಿ ಎಡಿನ್‌ಬರೋ ಫ್ರಿಂಜ್ ಉತ್ಸವದಲ್ಲಿ ಒಬ್ಬರೇ ಕುಳಿತು ಹೇಳುವ ಕಥೆಯಾಗಿತ್ತು, 2016ರಲ್ಲಿ ಟಿವಿಗೆ ಬಂತು. ಪಂಜಾಬಿ ಮೂಲದ ಮೀರಾ ಸಯಾಲ್ ಕೂಡ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾಗ ಏಕವ್ಯಕ್ತಿ ನಾಟಕದಿಂದಲೇ ಶುರು ಮಾಡಿದವರು, ‘ಗುಡ್‌ನೆಸ್ ಗ್ರೇಷಸ್ ಮಿ’ ಎಂಬ ಟಿವಿ ಹಾಸ್ಯ ಕಾರ್ಯಕ್ರಮ ಆಮೇಲಿನದು. ಇದರ ಹಿಂದೆ ಇರುವುದು ಸರಳ ಲೆಕ್ಕ. ರಂಗಸಜ್ಜಿಕೆ ಬೇಡ, ಸಹನಟರಿಗೆ ಸಂಬಳ ಬೇಡ, ಒಂದು ಕುರ್ಚಿ ಮತ್ತು ಒಂದು ಬೆಳಕು ಸಾಕು. ನಟಿಯಾಗಿ ಏನು ಮಾಡಬಲ್ಲರು, ಬರಹಗಾರ್ತಿಯಾಗಿ ಏನು ಬರೆಯಬಲ್ಲರು ಎರಡೂ ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ. ಇನ್ನೊಂದು ಕಾರಣವೂ ಇದೆ, ಅದು ಅಷ್ಟು ಸಂತೋಷದ್ದಲ್ಲ. ಕಪ್ಪು ಹುಡುಗಿಗೆ, ಏಷ್ಯಾ ಮೂಲದ ಹುಡುಗಿಗೆ, ಕೆಳವರ್ಗದ ಉಚ್ಚಾರಣೆ ಇರುವವಳಿಗೆ ಬೇರೆಯವರು ಬರೆದ ನಾಟಕಗಳಲ್ಲಿ ದೊಡ್ಡ ಪಾತ್ರ ಸಿಗುವುದು ಅಪರೂಪ. ಪಾತ್ರ ಬೇಕೆಂದರೆ ತಾನೇ ಬರೆದುಕೊಳ್ಳಬೇಕು.

ಹಾಗೆ ಬರೆದದ್ದನ್ನು ನೋಡಿ ಟಿವಿ ಕರೆಯಿತು. 2014ರ ಸೆಪ್ಟೆಂಬರಿನಲ್ಲಿ ಚಾನೆಲ್ 4 ತನ್ನ ‘ಕಾಮಿಡಿ ಬ್ಲ್ಯಾಪ್ಸ್’ ಹೆಸರಿನ ಕಿರು ವಿಡಿಯೊಗಳಲ್ಲಿ ಟ್ರೇಸಿಯನ್ನು ರುಚಿ ನೋಡಲು ಬಿಟ್ಟಿತು. 2015ರ ಅಕ್ಟೋಬರಿನಲ್ಲಿ ಅದರ ಯುವ ವಾಹಿನಿ ಇ4ನಲ್ಲಿ ‘ಚೂಯಿಂಗ್ ಗಮ್’ ಶುರುವಾಯಿತು. ಟಿವಿಯ ಟ್ರೇಸಿಗೆ ಇಪ್ಪತ್ತನಾಲ್ಕು ವಯಸ್ಸು. ಅಂಗಡಿಯಲ್ಲಿ ಕೆಲಸ, ಮನೆಯಲ್ಲಿ ಕಟ್ಟುನಿಟ್ಟಿನ ಪೆಂಟೆಕೋಸ್ಟಲ್ ಕ್ರೈಸ್ತ ಪ್ರಾರ್ಥನೆ, ಮನಸ್ಸಿನ ತುಂಬ ದೇಹದ ಕುತೂಹಲ. ಆರು ಕಂತು, ಮತ್ತೆ 2017ರಲ್ಲಿ ಆರು ಕಂತು, ಅಲ್ಲಿಗೆ ಮುಗಿಯಿತು. 2016ರ ಬಾಫ್ಟಾದಲ್ಲಿ ಹಾಸ್ಯನಟನೆಗೆ ಒಂದು ಪ್ರಶಸ್ತಿ, ಹೊಸ ಪ್ರತಿಭೆಯಾಗಿ ಬರವಣಿಗೆಗೆ ಇನ್ನೊಂದು.

ಈ ಆರರ ಲೆಕ್ಕವನ್ನು ಗಮನಿಸಬೇಕು. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಬರೆದು ನಟಿಸಿದ ‘ಫಾಲ್ಟಿ ಟವರ್ಸ್’ 1975ರಲ್ಲಿ ಆರು, 1979ರಲ್ಲಿ ಆರು. ‘ಫ್ಲೀಬ್ಯಾಗ್’ ಆರು ಮತ್ತು ಆರು. ರಿಕಿ ಜರ್ವೇಸ್ ಅವರು ಸ್ಟೀಫನ್ ಮರ್ಚೆಂಟ್ ಜೊತೆ ಬರೆದು, ತಾವೇ ನಟಿಸಿದ ‘ದಿ ಆಫೀಸ್’ ಕೂಡ ಆರು ಮತ್ತು ಆರು, ಜೊತೆಗೆ ಎರಡು ಭಾಗದ ಒಂದು ಕ್ರಿಸ್‌ಮಸ್ ವಿಶೇಷ. ಅಮೆರಿಕದ ಹಳೆಯ ಟಿವಿ ಪದ್ಧತಿಯಲ್ಲಿ ಒಂದು ವರ್ಷಕ್ಕೆ ಇಪ್ಪತ್ತೆರಡು ಕಂತು ಬೇಕಾಗಿತ್ತು. ಅಷ್ಟನ್ನು ಒಬ್ಬರು ಬರೆಯಲಾರರು, ಹತ್ತಾರು ಬರಹಗಾರರು ಒಂದು ಕೋಣೆಯಲ್ಲಿ ಕುಳಿತು ಬರೆಯಬೇಕು. ಆರು ಕಂತನ್ನು ಒಬ್ಬರು, ಹೆಚ್ಚೆಂದರೆ ಇಬ್ಬರು, ತಮ್ಮ ಉಸಿರಿನಲ್ಲೇ ಬರೆಯಬಹುದು. ಬ್ರಿಟನ್ನಿನಲ್ಲಿ ಬರೆದು ನಟಿಸುವವರು ಇಷ್ಟೊಂದು ಜನ ಯಾಕಿದ್ದಾರೆ ಎನ್ನುವುದಕ್ಕೆ ಈ ಸಣ್ಣ ಅಳತೆ ದೊಡ್ಡ ಕಾರಣ.

ಮರ ಯಾರದು, ಫಸಲು ಯಾರದು

ಈಗ ತೊಡಕಿನ ಭಾಗಕ್ಕೆ ಬರೋಣ.

ಟಿವಿಯಲ್ಲಿ ಬರುವ ಒಂದು ಕಂತಿನಲ್ಲಿ ಒಂದಲ್ಲ, ಹಲವು ಹಕ್ಕುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರಕಥೆ ಒಂದು ಸಾಹಿತ್ಯ ಕೃತಿಯಂತೆ, ನಾಟಕ ಕೃತಿಯಂತೆ ಬರೆದವರ ಸ್ವತ್ತು. ಅದನ್ನು ಚಿತ್ರೀಕರಿಸಿದ ದೃಶ್ಯಾವಳಿ ಬೇರೆಯದೇ ಕೃತಿ, ಕಾನೂನಿನ ಕಣ್ಣಲ್ಲಿ ಅದರ ಕರ್ತೃಗಳು ನಿರ್ಮಾಪಕರು ಮತ್ತು ಮುಖ್ಯ ನಿರ್ದೇಶಕರು. ಪ್ರಸಾರವೆಂಬುದಕ್ಕೆ ಮತ್ತೊಂದು ಹಕ್ಕು. ಕ್ಯಾಮೆರಾದ ಮುಂದೆ ನಿಂತ ನಟರಿಗೆ ತಮ್ಮ ಅಭಿನಯದ ಮೇಲೆ ಪ್ರತ್ಯೇಕ ಹಕ್ಕು. ಹಾಗಾಗಿ ಬರೆದು ನಟಿಸುವ ಒಬ್ಬರೇ ವ್ಯಕ್ತಿ ಎರಡು ಕರಾರುಗಳಿಗೆ ಸಹಿ ಹಾಕುತ್ತಾರೆ. ನಟಿಯ ಕರಾರಿಗೆ ಕಲಾವಿದರ ಸಂಘ ‘ಈಕ್ವಿಟಿ’ ಮಾತಾಡಿ ಗೊತ್ತುಮಾಡಿದ ಕನಿಷ್ಠ ದರ, ಬರಹಗಾರ್ತಿಯ ಕರಾರಿಗೆ 1959ರಲ್ಲಿ ಶುರುವಾದ ‘ರೈಟರ್ಸ್ ಗಿಲ್ಡ್’ ಮಾತಾಡಿ ಗೊತ್ತುಮಾಡಿದ ದರ. ಮರುಪ್ರಸಾರವಾದರೆ, ಬೇರೆ ದೇಶಕ್ಕೆ ಮಾರಾಟವಾದರೆ ಮತ್ತೆ ಒಂದಿಷ್ಟು ಬರುತ್ತದೆ. ನಿರ್ದೇಶನವನ್ನೂ ಮಾಡಿದರೆ ಮೂರನೆಯ ಕರಾರು. ಕಾರ್ಯಕಾರಿ ನಿರ್ಮಾಪಕಿ ಎನಿಸಿಕೊಂಡರೆ ನಾಲ್ಕನೆಯದು. ಈ ನಾಲ್ಕನೆಯದು ಬರಿಯ ಗೌರವದ ಪಟ್ಟವಲ್ಲ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾವ ದೃಶ್ಯ ಕತ್ತರಿಸಬೇಕು, ಎಲ್ಲಿ ಹಣ ಉಳಿಸಬೇಕು ಎಂಬ ಮಾತು ನಡೆಯುವ ಮೇಜಿನ ಸುತ್ತ ಒಂದು ಕುರ್ಚಿ ಸಿಗುವುದು ಅದರಿಂದಲೇ.

ಮಾವಿನ ತೋಪು ಇರುವವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ತೋಪಿನ ಯಜಮಾನ ಈ ವರ್ಷದ ಫಸಲನ್ನು ಗುತ್ತಿಗೆಗೆ ಕೊಡಬಹುದು. ಗುತ್ತಿಗೆದಾರ ಕಾಯಿ ಕಿತ್ತು ಮಾರಿಕೊಳ್ಳುತ್ತಾನೆ, ಮರ ಯಜಮಾನನದ್ದಾಗಿಯೇ ಉಳಿಯುತ್ತದೆ, ಮುಂದಿನ ವರ್ಷ ಮತ್ತೆ ಮಾತು. ಅಥವಾ ತೋಪನ್ನೇ ಕ್ರಯಕ್ಕೆ ಬರೆದುಕೊಡಬಹುದು. ಆಗ ಒಂದು ಸಲ ದೊಡ್ಡ ಮೊತ್ತ ಕೈಗೆ ಬರುತ್ತದೆ, ಆಮೇಲೆ ಆ ಮರದ ನೆರಳಿಗೂ ಅಪ್ಪಣೆ ಕೇಳಬೇಕು. ಟಿವಿ ಲೋಕದಲ್ಲಿ ಮೊದಲನೆಯದನ್ನು ಲೈಸೆನ್ಸ್ ಎನ್ನುತ್ತಾರೆ, ಎರಡನೆಯದನ್ನು ಬೈಔಟ್.

2003ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ನಡೆಯುತ್ತಿದ್ದದ್ದು ಹೆಚ್ಚಾಗಿ ಕ್ರಯವೇ. ವಾಹಿನಿ ತಯಾರಿಕೆಯ ಪೂರ್ತಿ ಖರ್ಚು ಕೊಟ್ಟು, ಮೇಲೆ ಒಂದಿಷ್ಟು ಕೂಲಿ ಸೇರಿಸಿ, ಎಲ್ಲ ಹಕ್ಕನ್ನೂ ತಾನೇ ಇಟ್ಟುಕೊಳ್ಳುತ್ತಿತ್ತು. 2003ರ ಕಮ್ಯುನಿಕೇಷನ್ಸ್ ಕಾಯ್ದೆ ಇದನ್ನು ತಿರುಗಿಸಿತು. ಬಿಬಿಸಿ, ಚಾನೆಲ್ 4 ಮುಂತಾದ ಸಾರ್ವಜನಿಕ ಸೇವಾ ವಾಹಿನಿಗಳು ಸ್ವತಂತ್ರ ನಿರ್ಮಾಣ ಸಂಸ್ಥೆಗಳ ಜೊತೆ ಹೇಗೆ ವ್ಯವಹರಿಸಬೇಕೆಂಬ ನಿಯಮಾವಳಿ ಬಂತು, ಆಫ್‌ಕಾಮ್ ಎಂಬ ನಿಯಂತ್ರಣ ಸಂಸ್ಥೆ ಅದರ ಮೇಲೆ ಕಣ್ಣಿಟ್ಟಿತು. ವಾಹಿನಿ ಕೊಳ್ಳುವುದು ಇಷ್ಟು ವರ್ಷ ಇಷ್ಟು ಸಲ ತೋರಿಸುವ ಲೈಸೆನ್ಸ್ ಮಾತ್ರ, ಉಳಿದ ಹಕ್ಕು ತಯಾರಿಸಿದವರದು ಎಂಬ ಪದ್ಧತಿ ನೆಲೆಯೂರಿತು. ಬ್ರಿಟನ್ನಿನ ಸಣ್ಣ ನಿರ್ಮಾಣ ಸಂಸ್ಥೆಗಳು ತಮ್ಮ ಕಾರ್ಯಕ್ರಮಗಳನ್ನು ಜಗತ್ತಿಗೆಲ್ಲ ಮಾರಿ ದೊಡ್ಡದಾಗಿ ಬೆಳೆದದ್ದು ಈ ಒಂದು ಬದಲಾವಣೆಯಿಂದ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಹಕ್ಕು ವಾಹಿನಿಯಿಂದ ಬಿಡಿಸಿಕೊಂಡು ಬಂದು ಸೇರಿದ್ದು ನಿರ್ಮಾಣ ಸಂಸ್ಥೆಗೆ, ಬರೆದವರಿಗಲ್ಲ. ಸಂಸ್ಥೆ ಸರಣಿ ಮಾಡಬೇಕೆಂದರೆ ಬರಹಗಾರರು ತಮ್ಮ ಚಿತ್ರಕಥೆಯ ಹಕ್ಕನ್ನು ಅದಕ್ಕೆ ಬರೆದುಕೊಡಬೇಕು. ಎಷ್ಟು ಬರೆದುಕೊಡುತ್ತಾರೆ, ಏನನ್ನು ಉಳಿಸಿಕೊಳ್ಳುತ್ತಾರೆ ಎನ್ನುವುದು ಅವರ ತಾಕತ್ತಿನ ಮೇಲೆ ನಿಂತಿದೆ. ಮೊದಲ ಸರಣಿ ಬರೆಯುವವರ ತಾಕತ್ತು ಎಷ್ಟಿರುತ್ತದೆ? ಕೃತಿಗೆ ತನ್ನ ಹೆಸರು ಹಾಕಿಸಿಕೊಳ್ಳುವ ನೈತಿಕ ಹಕ್ಕು ಕೂಡ ಬ್ರಿಟನ್ನಿನಲ್ಲಿ ತಾನಾಗಿ ಬರುವುದಿಲ್ಲ. ಅದನ್ನು ಬರಹದಲ್ಲಿ ಸಾರಬೇಕು, ಅಲ್ಲಿನ ಪುಸ್ತಕಗಳ ಮೊದಲ ಪುಟದಲ್ಲಿ ಆ ಒಂದು ಸಾಲು ಇರುವುದು ಅದಕ್ಕೇ. ಸಾರಿದ್ದನ್ನು ಸಹಿ ಹಾಕಿ ಬಿಟ್ಟುಕೊಡಲೂಬಹುದು. ಟಿವಿಯ ಕರಾರುಗಳಲ್ಲಿ ಬಿಟ್ಟುಕೊಡಿ ಎಂದು ಕೇಳುವುದು ಮಾಮೂಲು.

ಅಮೆರಿಕದಲ್ಲಿ ಬುಡವೇ ಬೇರೆ. ಅಲ್ಲಿನ ಕಾನೂನಿನಲ್ಲಿ, ಸ್ಟುಡಿಯೊಗಾಗಿ ಬರೆಸಿದ ಚಿತ್ರಕಥೆಯನ್ನು ಕರಾರಿನ ಮೂಲಕ ‘ಕೂಲಿಗೆ ಮಾಡಿದ ಕೃತಿ’ ಎಂದು ಬರೆದುಕೊಂಡರೆ, ಕಾನೂನಿನ ಪ್ರಕಾರ ಅದರ ಕರ್ತೃ ಸ್ಟುಡಿಯೊ. ಬರೆದವರಲ್ಲಿ ಹಕ್ಕು ಹುಟ್ಟುವುದೇ ಇಲ್ಲ. ನೆಟ್‌ಫ್ಲಿಕ್ಸಿನಂಥ ಕಂಪನಿಗಳ ಮೂಲ ಸರಣಿಗಳ ಪದ್ಧತಿ ಇದರ ಮೇಲೆ ಕಟ್ಟಿದ್ದು: ಖರ್ಚು ಪೂರ್ತಿ ಕೊಡುತ್ತೇವೆ, ಮೇಲೆ ಲಾಭವನ್ನೂ ಮೊದಲೇ ಕೊಡುತ್ತೇವೆ, ಬದಲಿಗೆ ಜಗತ್ತಿನ ಎಲ್ಲ ದೇಶಗಳ ಹಕ್ಕು, ಎಂದೆಂದಿಗೂ, ನಮ್ಮದು. 2003ರ ಕಾಯ್ದೆ ಬ್ರಿಟನ್ನಿನಲ್ಲಿ ತಿರುಗಿಸಿದ್ದ ಹಳೆಯ ಪದ್ಧತಿ ಇಂಟರ್ನೆಟ್ಟಿನ ಮೂಲಕ ಮತ್ತೆ ಬಾಗಿಲಿಗೆ ಬಂದಿತ್ತು. ಕೋಲ್ ಅವರ ಮುಂದೆ ಇಟ್ಟದ್ದು ಆ ಕ್ರಯಪತ್ರ. ಶೇ ಅರ್ಧಕ್ಕೂ ಕಂಪನಿ ಒಪ್ಪದೆ ಹೋದದ್ದು ಜಿಪುಣತನದಿಂದಲ್ಲ. ಅರ್ಧ ಕೊಟ್ಟರೂ ಬರೆದವರು ಒಡೆಯರ ಸಾಲಿಗೆ ಸೇರುತ್ತಾರೆ, ಆ ಬಾಗಿಲು ತೆರೆದರೆ ಮುಂದೆ ಬರುವವರೆಲ್ಲ ಅದೇ ಕೇಳುತ್ತಾರೆ. ಹಾಗೆಂದು ನನ್ನ ತಿಳಿವಳಿಕೆ. ಫೋನಿನ ಆ ಕಡೆ ಇದ್ದ ಅಧಿಕಾರಿಯೇ ಕೊನೆಯಲ್ಲಿ, ನೀವು ಮಾಡುತ್ತಿರುವುದು ಸರಿ, ನಿಮ್ಮ ಬಗ್ಗೆ ನನಗೆ ಹೆಮ್ಮೆ ಎಂಬರ್ಥದ ಮಾತು ಹೇಳಿದರೆಂದು ಕೋಲ್ ನೆನಪಿಸಿಕೊಂಡಿದ್ದಾರೆ.

ಎಡಿನ್‌ಬರೋದ ಒಂದು ಸಂಜೆ

ಈ ಕರಾರಿನ ಮಾತು ಕೋಲ್‌ಗೆ ಬರಿಯ ದುಡ್ಡಿನ ಮಾತಾಗಿ ಉಳಿಯದೆ ಇರಲು ಕಾರಣ ಇನ್ನೊಂದು ಘಟನೆ. ಅದನ್ನು ಅವರೇ ಜಗತ್ತಿಗೆ ಹೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎಡಿನ್‌ಬರೋದಲ್ಲಿ ಪ್ರತಿ ಆಗಸ್ಟಿನಲ್ಲಿ ನಡೆಯುವ ಟಿವಿ ಉತ್ಸವದ ಮುಖ್ಯ ಉಪನ್ಯಾಸಕ್ಕೆ ನಿರ್ದೇಶಕ ಜೇಮ್ಸ್ ಮ್ಯಾಕ್‌ಟ್ಯಾಗರ್ಟ್ ಅವರ ಹೆಸರು. 1976ರಿಂದ ನಡೆದು ಬಂದಿದೆ. ರೂಪರ್ಟ್ ಮರ್ಡೋಕ್ ಅಂಥ ಮಾಧ್ಯಮ ದೊರೆಗಳು, ಡೆನ್ನಿಸ್ ಪಾಟರ್ ಅಂಥ ದೊಡ್ಡ ಟಿವಿ ನಾಟಕಕಾರರು ಮಾತಾಡಿದ ವೇದಿಕೆ. 2018ರಲ್ಲಿ ಅಲ್ಲಿ ಕೋಲ್ ನಿಂತರು. ಆ ವೇದಿಕೆಯಲ್ಲಿ ಮಾತಾಡಿದ ಮೊದಲ ಕಪ್ಪು ಮಹಿಳೆ ಅವರು.

ಅವತ್ತು ಅವರು ಹೇಳಿದ್ದು: ‘ಚೂಯಿಂಗ್ ಗಮ್’ ಎರಡನೆಯ ಸರಣಿ ಬರೆಯುತ್ತಿದ್ದ ದಿನಗಳು. ಗಡುವು ಹತ್ತಿರ ಬಂದಿತ್ತು. ನಿರ್ಮಾಣ ಸಂಸ್ಥೆಯ ಕಚೇರಿಯಲ್ಲಿ ರಾತ್ರಿಯಿಡೀ ಕುಳಿತು ಬರೆಯುತ್ತಿದ್ದವರು ಸ್ವಲ್ಪ ಬಿಡುವು ಮಾಡಿಕೊಂಡು ಸ್ನೇಹಿತರನ್ನು ನೋಡಲು ಹೊರಗೆ ಹೋದರು. ಮತ್ತೆ ಎಚ್ಚರ ತಿಳಿದಾಗ ಹಲವು ಗಂಟೆ ಕಳೆದಿತ್ತು, ಅವರು ಸರಣಿಯನ್ನು ಟೈಪ್ ಮಾಡುತ್ತಿದ್ದರು. ಆಮೇಲೆ ತುಣುಕು ತುಣುಕಾಗಿ ನೆನಪು ಮರುಕಳಿಸಿತು. ಪಾನೀಯದಲ್ಲಿ ಯಾರೋ ಏನೋ ಬೆರೆಸಿದ್ದರು. ಅಪರಿಚಿತರಿಂದ ಲೈಂಗಿಕ ದೌರ್ಜನ್ಯ ನಡೆದಿತ್ತು. ಪೊಲೀಸರ ನಂತರ, ಮನೆಯವರಿಗೂ ಮೊದಲು, ಅವರು ಫೋನು ಮಾಡಿದ್ದು ನಿರ್ಮಾಪಕರಿಗೆ.

ಈ ಕೊನೆಯ ವಾಕ್ಯದ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ಇಂಥ ಗಾಯವಾದ ಮನುಷ್ಯಳಿಗೆ ಮೊದಲು ನೆನಪಾಗುವುದು ತಾನು ಕೊಡಬೇಕಾದ ಕಂತುಗಳು. ಆ ಉಪನ್ಯಾಸದಲ್ಲಿ ಅವರು ‘ಚೂಯಿಂಗ್ ಗಮ್’ ಚಿತ್ರೀಕರಣದ ಇನ್ನೊಂದು ನೋಟವನ್ನೂ ಹೇಳಿದರು. ನಟರು ಅಣಿಯಾಗುವ ಟ್ರೇಲರ್ ವಾಹನದ ಸಣ್ಣದೊಂದು ಭಾಗದಲ್ಲಿ ಐವರು ನಟರನ್ನು ತುರುಕಿದ್ದರು. ತನ್ನ ಕಥೆಯೇ ಆದರೂ, ಮುಖ್ಯ ಪಾತ್ರ ತನ್ನದೇ ಆದರೂ, ಅಲ್ಲಿ ನಡೆಯುವುದನ್ನು ಬದಲಿಸುವ ಅಧಿಕಾರ ತನಗೆ ಇರಲಿಲ್ಲ ಎಂಬುದು ಅವರ ಮಾತಿನ ತಿರುಳು. ಬರೆದದ್ದಕ್ಕೂ ನಟಿಸಿದ್ದಕ್ಕೂ ಸಂಬಳ ಇತ್ತು. ಮೇಜಿನ ಸುತ್ತ ಕುರ್ಚಿ ಇರಲಿಲ್ಲ.

ತೋಪು ಕೈಬಿಡದೆ ಕಟ್ಟಿದ ಸರಣಿ

ನೆಟ್‌ಫ್ಲಿಕ್ಸಿಗೆ ಬೇಡವೆಂದ ಮೇಲೆ ಕೋಲ್ ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥ ಪಿಯರ್ಸ್ ವೆಂಗರ್ ಅವರಿಗೆ ಇಮೇಲ್ ಬರೆದರು. ಬಿಬಿಸಿ ಒಪ್ಪಿದ್ದು ಮೂರಕ್ಕೆ: ನಿರ್ಮಾಣದ ಮೇಜಿನಲ್ಲಿ ಕುರ್ಚಿ, ಸೃಜನಶೀಲ ನಿರ್ಧಾರಗಳಲ್ಲಿ ಪೂರ್ಣ ಹಿಡಿತ, ಕೃತಿಯ ಹಕ್ಕು. ಕೋಲ್ ‘ಫಾಲ್ಕ್ನಾ ಪ್ರೊಡಕ್ಷನ್ಸ್’ ಎಂಬ ಸ್ವಂತ ಸಂಸ್ಥೆ ಕಟ್ಟಿಕೊಂಡರು. ಹಕ್ಕು ನಿರ್ಮಾಣ ಸಂಸ್ಥೆಗೆ ಹೋಗುವ ಪದ್ಧತಿಯಲ್ಲಿ ಬರಹಗಾರ್ತಿ ಹಕ್ಕು ಉಳಿಸಿಕೊಳ್ಳಬೇಕಾದರೆ ತಾನೇ ನಿರ್ಮಾಣ ಸಂಸ್ಥೆಯಾಗಬೇಕು. ಆ ಸೂಕ್ಷ್ಮವನ್ನು ಮೇಲೆ ಹೇಳಿದ್ದು ಇದಕ್ಕೇ. ಜೊತೆಗೆ ನಿಂತದ್ದು ‘ವೇರಿಯಸ್ ಆರ್ಟಿಸ್ಟ್ಸ್ ಲಿಮಿಟೆಡ್’, ಅದರಲ್ಲಿದ್ದ ಫಿಲ್ ಕ್ಲಾರ್ಕ್ ಹಿಂದೆ ಚಾನೆಲ್ 4ರ ಹಾಸ್ಯ ವಿಭಾಗದ ಮುಖ್ಯಸ್ಥರಾಗಿದ್ದವರು. ಅಮೆರಿಕದಲ್ಲಿ ತೋರಿಸಲು ಎಚ್‌ಬಿಒ ಪಾಲುದಾರನಾಯಿತು. ಒಂದೇ ತೋಪಿನ ಫಸಲಿಗೆ ಅಟ್ಲಾಂಟಿಕ್ ಸಾಗರದ ಈ ಕಡೆಗೊಬ್ಬ ಗುತ್ತಿಗೆದಾರ, ಆ ಕಡೆಗೊಬ್ಬ. ಮರಗಳು ಬೆಳೆಸಿದವರ ಕೈಯಲ್ಲೇ.

ಹೀಗೆ ಬಂದದ್ದು ‘ಐ ಮೇ ಡಿಸ್ಟ್ರಾಯ್ ಯು’. 2020ರ ಜೂನಿನಲ್ಲಿ, ಜಗತ್ತು ಮನೆಯೊಳಗೆ ಕುಳಿತಿದ್ದಾಗ. ಅರ್ಧ ಗಂಟೆಯ ಹನ್ನೆರಡು ಕಂತುಗಳು, ಒಂದೇ ಸರಣಿ. ಅಷ್ಟನ್ನೂ ಬರೆದದ್ದು ಕೋಲ್ ಒಬ್ಬರೇ. ಹೆಚ್ಚಿನ ಕಂತುಗಳನ್ನು ಸ್ಯಾಮ್ ಮಿಲ್ಲರ್ ಅವರೊಂದಿಗೆ ಸೇರಿ ನಿರ್ದೇಶಿಸಿದರು, ಅರಾಬೆಲ್ಲಾ ಎಂಬ ಮುಖ್ಯ ಪಾತ್ರ ಮಾಡಿದರು. 191 ಸಲ ತಿದ್ದಿ ಬರೆದರೆಂದು ಅವರೇ ಹೇಳಿದ್ದಾರೆ. ಈ ಸಂಖ್ಯೆ ನೋಡಿದಾಗ ಹೊಗಳಿಕೆ ಬಾಯಿಗೆ ಬರುತ್ತದೆ, ಆದರೆ ಅದನ್ನೂ ಕರಾರಿನ ಕಣ್ಣಿನಿಂದ ನೋಡಬೇಕು. ಬೇರೆಯವರ ಸ್ವತ್ತಾದ ಚಿತ್ರಕಥೆಯನ್ನು 191 ಸಲ ತಿದ್ದಲು ಯಾರೂ ಬಿಡುವುದಿಲ್ಲ. ಗಡುವು ಬಂದರೆ ಇನ್ನೊಬ್ಬರ ಕೈಗೆ ಕೊಡುತ್ತಾರೆ.

ಕಥೆ ಹೀಗಿದೆ. ಅರಾಬೆಲ್ಲಾ ಟ್ವಿಟರಿನಲ್ಲಿ ಹೆಸರು ಮಾಡಿದ ಯುವ ಲೇಖಕಿ. ಎರಡನೆಯ ಪುಸ್ತಕಕ್ಕೆ ಪ್ರಕಾಶಕರಿಂದ ಮುಂಗಡ ಪಡೆದಿದ್ದಾಳೆ, ಹಸ್ತಪ್ರತಿ ಬೆಳಗ್ಗೆ ಕೊಡಬೇಕು, ರಾತ್ರಿ ಒಂದು ಗಂಟೆ ಹೊತ್ತಿನ ಬಿಡುವೆಂದು ಹೊರಗೆ ಹೋಗುತ್ತಾಳೆ. ಮುಂದೆ ಆಗುವುದನ್ನು ಓದುಗರು ಈಗಾಗಲೇ ಊಹಿಸಿದ್ದೀರಿ. ಗೆಳತಿ ಟೆರ‍್ರಿಯಾಗಿ ವೆರುಚೆ ಓಪಿಯಾ, ಗೆಳೆಯ ಕ್ವಾಮೆಯಾಗಿ ಪಾಪಾ ಎಸ್ಸಿಯೆಡು. ಎಸ್ಸಿಯೆಡು ಗಿಲ್ಡ್‌ಹಾಲ್‌ನಲ್ಲಿ ಕೋಲ್ ಅವರ ಸಹಪಾಠಿ.

ಸರಣಿ ಒಂದು ಅಪರಾಧದಲ್ಲಿ ನಿಲ್ಲುವುದಿಲ್ಲ. ಒಪ್ಪಿಗೆ ಎಂಬ ಮಾತನ್ನು ತಿರುಗಿಸಿ ತಿರುಗಿಸಿ ನೋಡುತ್ತದೆ. ಕೂಡುವಿಕೆಯ ನಡುವೆ ಹೇಳದೆ ಕಾಂಡೋಮ್ ತೆಗೆದ ಗಂಡಸು ಒಬ್ಬನಿದ್ದಾನೆ. ಅವಳು ಒಪ್ಪಿದ್ದು ಒಂದಕ್ಕೆ, ಅವನು ಮಾಡಿದ್ದು ಇನ್ನೊಂದು. ಇಂಗ್ಲೆಂಡಿನ ಕಾನೂನಿನಲ್ಲಿ ಅದು ಅತ್ಯಾಚಾರ ಎಂದು ಅರಾಬೆಲ್ಲಾ ತುಂಬಿದ ಸಭೆಯಲ್ಲಿ ಹೇಳುತ್ತಾಳೆ. ಕ್ವಾಮೆ ತನಗಾದ ದೌರ್ಜನ್ಯ ಹೇಳಿಕೊಳ್ಳಲು ಪೊಲೀಸ್ ಠಾಣೆಗೆ ಹೋದಾಗ, ಗಂಡಸಿನ ಮೇಲೆ ಗಂಡಸು ಮಾಡಿದ ಅಪರಾಧಕ್ಕೆ ಅಲ್ಲಿ ಕೇಳುವ ಕಿವಿ ಇಲ್ಲ. ಅರಾಬೆಲ್ಲಾ ಸ್ವತಃ ಸ್ನೇಹಿತನೊಬ್ಬನ ಮೇಲೆ ತನ್ನ ನಿರ್ಧಾರ ಹೇರುತ್ತಾಳೆ, ಅವಳನ್ನೂ ಸರಣಿ ಬಿಡುವುದಿಲ್ಲ.

ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲಿ ಒಂದು ಬಾಗಿಲು ತಾನಾಗಿ ತೆರೆಯುತ್ತದೆ. ದೇಹದ ಮಾತಿಗೆ ನಾವು ‘ಒಪ್ಪಿಗೆ’ ಎನ್ನುತ್ತೇವೆ, ಕಾಗದದ ಮಾತಿಗೆ ‘ಒಪ್ಪಂದ’. ಎರಡೂ ಹುಟ್ಟಿದ್ದು ‘ಒಪ್ಪು’ ಎಂಬ ಒಂದೇ ಬೇರಿನಿಂದ. ವ್ಯವಹಾರ ನಿಯಮಾವಳಿ ತಂದ ಕಮ್ಯುನಿಕೇಷನ್ಸ್ ಕಾಯ್ದೆ ಬಂದ ವರ್ಷವೇ, 2003ರಲ್ಲೇ, ಇಂಗ್ಲೆಂಡಿನ ಲೈಂಗಿಕ ಅಪರಾಧಗಳ ಕಾಯ್ದೆಯೂ ಬಂತು. ಒಪ್ಪಿಗೆ ಎಂದರೆ ತಾನೇ ಆಯ್ದುಕೊಂಡು ಒಪ್ಪುವುದು, ಮತ್ತು ಹಾಗೆ ಆಯ್ದುಕೊಳ್ಳುವ ಸ್ವಾತಂತ್ರ್ಯ ಹಾಗೂ ಸಾಮರ್ಥ್ಯ ಇರುವುದು ಎಂದು ಅದು ವಿವರಿಸುತ್ತದೆ. ಸುಮ್ಮನಿದ್ದದ್ದು ಒಪ್ಪಿಗೆಯಲ್ಲ. ಬೇರೆ ದಾರಿಯಿಲ್ಲದೆ ತಲೆಯಾಡಿಸಿದ್ದೂ ಅಲ್ಲ.

ದೇಹದ ಮೇಲಿನ ದಾಳಿ ಮತ್ತು ಅನ್ಯಾಯದ ಕರಾರು ಒಂದೇ ತೂಕದವು ಎಂದು ನಾನು ಹೇಳುತ್ತಿಲ್ಲ. ಅವು ಅಲ್ಲ. ಆದರೆ ಕೋಲ್ ಅವರ ಬದುಕಿನಲ್ಲಿ ಆ ಎರಡೂ ಪ್ರಶ್ನೆಗಳು ಅಕ್ಕಪಕ್ಕ ಬಂದವು: ನನ್ನದೆಂಬುದರ ಮೇಲೆ ನನಗೆ ಗೊತ್ತಿಲ್ಲದೆ ಯಾರು ಏನು ಮಾಡಬಹುದು? ತನಗಾದ ದೌರ್ಜನ್ಯದ ಕಥೆಯನ್ನು ಎಂದೆಂದಿಗೂ ಇನ್ನೊಬ್ಬರ ಸ್ವತ್ತಾಗಿ ಬರೆದುಕೊಡುವುದು ಅವರಿಂದ ಆಗದ ಕೆಲಸವಾಗಿತ್ತು. ಅದನ್ನು ನಾಳೆ ಯಾರೋ ಬೇರೆ ನಟಿಯನ್ನಿಟ್ಟು ಮತ್ತೆ ಮಾಡಬಹುದು, ಎರಡನೆಯ ಭಾಗ ಎಂದು ಎಳೆಯಬಹುದು, ಅವರು ಕೇಳುವಂತಿಲ್ಲ. ಹತ್ತು ಲಕ್ಷ ಡಾಲರಿನ ಜೊತೆ ತೂಗಿ ನೋಡಬೇಕಾದದ್ದು ಇದನ್ನು.

ಚಿತ್ರೀಕರಣದಲ್ಲೂ ಈ ಮಾತು ಕೆಲಸಕ್ಕೆ ಬಂತು. ಇಟಾ ಓಬ್ರಿಯನ್ ಎಂಬವರು ಆ ಸರಣಿಯ ಇಂಟಿಮಸಿ ಕೋಆರ್ಡಿನೇಟರ್. ಮೈ ಮುಟ್ಟುವ, ಬಟ್ಟೆ ಕಳಚುವ ದೃಶ್ಯಗಳಿರುವ ಕಡೆ ನಟರ ಪರವಾಗಿ ನಿಲ್ಲುವ ಹೊಸ ಬಗೆಯ ತಂತ್ರಜ್ಞರು ಇವರು. ಎಲ್ಲಿ ಮುಟ್ಟಬಹುದು, ಎಲ್ಲಿ ಕೂಡದು, ಏನು ಕಾಣಬಹುದು ಎಂದು ಮೊದಲೇ ಮಾತಾಡಿ ಗೊತ್ತುಮಾಡುತ್ತಾರೆ. ಹೊಡೆದಾಟಕ್ಕೆ ಫೈಟ್ ಮಾಸ್ಟರ್ ಹೇಗೋ ಹಾಗೆ, ಒಂದೊಂದು ಚಲನೆಯನ್ನೂ ಅಭ್ಯಾಸ ಮಾಡಿಸುತ್ತಾರೆ. ಕ್ಯಾಮೆರಾ ಓಡುವಾಗ ಅಗತ್ಯಕ್ಕಿಂತ ಹೆಚ್ಚು ಜನ ಸುತ್ತ ಇರದಂತೆ ನೋಡಿಕೊಳ್ಳುತ್ತಾರೆ. 2021ರ ಬಾಫ್ಟಾದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂದಾಗ ಕೋಲ್ ಅದನ್ನು ಅರ್ಪಿಸಿದ್ದು ಓಬ್ರಿಯನ್ ಅವರಿಗೆ. ದೌರ್ಜನ್ಯದ ಬಗ್ಗೆ ಸರಣಿ ಮಾಡುತ್ತಾ, ಅದನ್ನು ಮಾಡುವ ಕೆಲಸವೇ ಇನ್ನೊಂದು ದೌರ್ಜನ್ಯವಾಗದಂತೆ ಕಾಯ್ದವರು ಅವರು.

ಅದೇ ವರ್ಷ ಬಾಫ್ಟಾ ಬರವಣಿಗೆಗೂ ನಿರ್ದೇಶನಕ್ಕೂ ಕಿರುಸರಣಿಗೂ ಸಿಕ್ಕಿತು. ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಕೂಡ ಕೊಡಲಿಲ್ಲ, ಅದಕ್ಕೆ ದೊಡ್ಡ ಗಲಾಟೆಯಾಯಿತು. ಸೆಪ್ಟೆಂಬರಿನ ಎಮ್ಮಿಯಲ್ಲಿ ಕಿರುಸರಣಿ ಬರವಣಿಗೆಯ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆಯಾದರು. ಎಡಿನ್‌ಬರೋ ಉಪನ್ಯಾಸ ‘ಮಿಸ್‌ಫಿಟ್ಸ್’ ಹೆಸರಿನ ಪುಸ್ತಕವಾಯಿತು. 2022ರಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ನ ಎರಡನೆಯ ಚಿತ್ರದಲ್ಲಿ ಯೋಧೆ ಅನೆಕಾಳ ಪಾತ್ರ ಮಾಡಿದರು. ಬರೆದು ನಟಿಸುವವರ ಬದುಕಿನಲ್ಲಿ ಇಂಥ ಪಾತ್ರಗಳಿಗೆ ಒಂದು ಉಪಯೋಗವಿದೆ: ಬೇರೆಯವರ ಚಿತ್ರದಲ್ಲಿ ಸಂಬಳಕ್ಕೆ ನಟಿಸಿದ ಹಣ, ಸ್ವಂತದ್ದನ್ನು ಅವಸರವಿಲ್ಲದೆ ಬರೆಯುವ ವರ್ಷಗಳನ್ನು ಕೊಡುತ್ತದೆ. 2024ರಲ್ಲಿ ಬಿಬಿಸಿ ಮತ್ತು ಎಚ್‌ಬಿಒ ಜೊತೆಗೆ ಮುಂದಿನ ಸರಣಿ ‘ಫಸ್ಟ್ ಡೇ ಆನ್ ಅರ್ತ್’ ಘೋಷಣೆಯಾಯಿತು. ಘಾನಾದಲ್ಲಿ ನಡೆಯುವ ಕಥೆ, ಬರವಣಿಗೆಯೂ ಮುಖ್ಯ ಪಾತ್ರವೂ ಅವರದೇ.

‘ಐ ಮೇ ಡಿಸ್ಟ್ರಾಯ್ ಯು’ ಸರಣಿಯ ಕೊನೆಯ ಕಂತಿನಲ್ಲಿ ಅರಾಬೆಲ್ಲಾ ತನ್ನ ಮೇಲೆ ದಾಳಿ ಮಾಡಿದವನನ್ನು ಎದುರಿಸುವ ದೃಶ್ಯವನ್ನು ಮನಸ್ಸಿನಲ್ಲಿ ಮೂರು ಬಗೆಯಾಗಿ ಬರೆದು ನೋಡುತ್ತಾಳೆ. ಸೇಡಿನ ಬಗೆ ಒಂದು, ಅವನ ಒಳಗನ್ನು ಕಾಣುವ ಬಗೆ ಇನ್ನೊಂದು, ಎಲ್ಲ ತಲೆಕೆಳಗಾಗುವ ಬಗೆ ಮತ್ತೊಂದು. ಕೋಣೆಯ ಗೋಡೆಯ ತುಂಬ ಅಂಟಿಸಿದ ಚೀಟಿಗಳನ್ನು ಆಚೆ ಈಚೆ ಸರಿಸುತ್ತಾಳೆ. ಆಮೇಲೆ ಒಂದು ಪುಸ್ತಕದಂಗಡಿ. ಮುಂಗಡ ಕೊಟ್ಟಿದ್ದ ಪ್ರಕಾಶಕರ ಕೈತಪ್ಪಿದ ಪುಸ್ತಕವನ್ನು ಅವಳು ತಾನೇ ಪ್ರಕಟಿಸಿದ್ದಾಳೆ. ಎದುರಿಗೆ ಸ್ನೇಹಿತರು, ಒಂದಷ್ಟು ಓದುಗರು. ಪುಸ್ತಕ ತೆರೆದು, ಓದಲು ಉಸಿರು ತೆಗೆದುಕೊಳ್ಳುತ್ತಾಳೆ. ದೃಶ್ಯ ಅಲ್ಲಿಗೆ ಕತ್ತರಿಸಿ ಇಟಲಿಯ ಸಮುದ್ರ ತೀರಕ್ಕೆ ಹೋಗುತ್ತದೆ. ಅವಳು ಏನು ಓದಿದಳೆಂದು ನಮಗೆ ಕೇಳಿಸುವುದಿಲ್ಲ.